ಬಾಲ್ ಟೈಪ್ ಬೂಸ್ಟ್ ಕಂಟ್ರೋಲರ್: ಮಡಿಕೇರಿಯಲ್ಲಿ ಒಂದು ಲೆಕ್ಕ, ಮಂಗಳೂರಿನಲ್ಲಿ ಇನ್ನೊಂದು

ಟರ್ಬೊ ಇರುವ ಹಳೆಯ ಪೆಟ್ರೋಲ್ ಕಾರಿಗೆ ಮ್ಯಾನ್ಯುವಲ್ ಬೂಸ್ಟ್ ಕಂಟ್ರೋಲರ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡವನ್ನು, ಅಂದರೆ ಬೂಸ್ಟನ್ನು, ತಿರುಪು ತಿರುಗಿಸಿ ಹೆಚ್ಚಿಸುವ ಸಾಧನ) ಹಾಕಿಸುವ ಆಸೆ ಕೊಡಗಿನಲ್ಲಿ ಹೊಸದೇನಲ್ಲ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಆಟೋಕ್ರಾಸ್ ನೋಡಿ ಬೆಳೆದವರಿಗೆ ಈ ಹೆಸರು ಪರಿಚಿತವೇ. ಎಂಜಿನ್ ಕಂಪ್ಯೂಟರಿನ ಲೆಕ್ಕಗಳನ್ನೇ ಬದಲಿಸುವ ರೀಮ್ಯಾಪ್‌ಗೆಂದು ಹತ್ತಾರು ಸಾವಿರ ಸುರಿಯಲು ಮನಸ್ಸಿಲ್ಲದವರಿಗೆ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಈ ಹಿತ್ತಾಳೆಯ ತುಂಡು ದೊಡ್ಡ ಆಮಿಷ. ನನ್ನ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿಗೆ ಬಾಲ್ ಟೈಪ್ ಕಂಟ್ರೋಲರ್ ಒಂದನ್ನು ಹಾಕಿಸಿ, ಮಳೆಗಾಲದಲ್ಲೂ ಬೇಸಿಗೆಯಲ್ಲೂ, ಘಟ್ಟದ ಮೇಲೂ ಕೆಳಗೂ ಓಡಿಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ವಸ್ತು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದರ ಫಲ ಕರಾವಳಿಯವರಿಗೆ ಸಿಕ್ಕಷ್ಟು ಬೆಟ್ಟದ ಮೇಲಿರುವ ನಮಗೆ ಸಿಗುವುದಿಲ್ಲ. ಮಾರುವವರು ಈ ಮಾತನ್ನು ಹೇಳುವುದಿಲ್ಲ. ಫಿಟ್ ಮಾಡಿಕೊಡುವವರಲ್ಲಿ ಹೆಚ್ಚಿನವರು ಇದನ್ನು ಯೋಚಿಸಿಯೂ ಇರುವುದಿಲ್ಲ.

ಈ ಸಾಧನ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕಾದರೆ ವೇಸ್ಟ್‌ಗೇಟ್‌ನಿಂದ ಆರಂಭಿಸಬೇಕು. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಟರ್ಬೈನನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಹೀಗೆಯೇ ಬಿಟ್ಟರೆ ಒತ್ತಡ ಏರುತ್ತಲೇ ಹೋಗುವುದರಿಂದ, ಒಂದು ಮಟ್ಟ ತಲುಪಿದ ಮೇಲೆ ಹೊಗೆಯ ಒಂದು ಪಾಲು ಟರ್ಬೈನನ್ನು ಮುಟ್ಟದೆ ಪಕ್ಕದಿಂದ ಹೊರಹೋಗುವಂತೆ ಒಂದು ಚಿಕ್ಕ ಬಾಗಿಲನ್ನು ಇಟ್ಟಿರುತ್ತಾರೆ. ಅದೇ ವೇಸ್ಟ್‌ಗೇಟ್. ಅದನ್ನು ತೆರೆಯುವುದು ಆ್ಯಕ್ಚುಯೇಟರ್ ಎಂಬ ಡಬ್ಬಿ. ಡಬ್ಬಿಯೊಳಗೆ ರಬ್ಬರಿನ ಪೊರೆ ಮತ್ತು ಸ್ಪ್ರಿಂಗು ಇರುತ್ತವೆ. ಕಂಪ್ರೆಸರಿನಿಂದ ಸಣ್ಣ ಪೈಪಿನಲ್ಲಿ ಬಂದ ಒತ್ತಡ ಪೊರೆಯನ್ನು ತಳ್ಳಿ, ಸ್ಪ್ರಿಂಗನ್ನು ಸೋಲಿಸಿ, ಕಡ್ಡಿಯ ಮೂಲಕ ಬಾಗಿಲನ್ನು ತೆರೆಯುತ್ತದೆ. ಬೂಸ್ಟ್ ಕಂಟ್ರೋಲರ್ ಕೂರುವುದು ಆ ಸಣ್ಣ ಪೈಪಿನ ನಡುವೆ. ಕಂಪ್ರೆಸರಿನಲ್ಲಿ ನಿಜವಾಗಿ ಇರುವ ಒತ್ತಡವನ್ನು ಆ್ಯಕ್ಚುಯೇಟರಿಗೆ ತಡವಾಗಿ ಅಥವಾ ಕಡಿಮೆಯಾಗಿ ತೋರಿಸಿ, ಬಾಗಿಲು ತೆರೆಯುವುದನ್ನು ಮುಂದೂಡುವುದೇ ಅದರ ಕೆಲಸ. ಆದ್ದರಿಂದ ಸ್ಪ್ರಿಂಗಿನ ಮಟ್ಟಕ್ಕಿಂತ ಬೂಸ್ಟನ್ನು ಹೆಚ್ಚಿಸಬಹುದೇ ಹೊರತು ಅದಕ್ಕಿಂತ ಇಳಿಸಲು ಇದರಿಂದ ಸಾಧ್ಯವಿಲ್ಲ.

ಇದರಲ್ಲಿ ಎರಡು ಬಗೆಗಳಿವೆ. ಬ್ಲೀಡ್ ಟೈಪ್ ಎಂಬುದು ಪೈಪಿನ ಒತ್ತಡದ ಒಂದಂಶವನ್ನು ಹೊರಗೆ ಸೋರಿಸುತ್ತದೆ; ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಪೈಪಿನ ಜಾಯಿಂಟು ಸಡಿಲವಾದರೆ ತುದಿಯ ಜೆಟ್ಟಿಗೆ ಒತ್ತಡ ಸಾಲದೆ ಬರುವಂತೆ, ಇಲ್ಲಿ ಆ್ಯಕ್ಚುಯೇಟರಿಗೆ ತಲುಪುವ ಒತ್ತಡ ಕುಗ್ಗುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ಬೂಸ್ಟ್ ಏರುತ್ತಿರುವಾಗಲೇ ಆ್ಯಕ್ಚುಯೇಟರಿಗೆ ಸ್ವಲ್ಪ ಸ್ವಲ್ಪ ಒತ್ತಡ ಹೋಗುತ್ತಲೇ ಇರುವುದರಿಂದ ವೇಸ್ಟ್‌ಗೇಟ್ ಬೇಗನೆ ತುಸುತುಸು ತೆರೆಯಲು ಶುರುಮಾಡುತ್ತದೆ, ಟರ್ಬೊ ನಿಧಾನವಾಗಿ ಏಳುತ್ತದೆ. ಬಾಲ್ ಟೈಪ್‌ನಲ್ಲಿ ಸ್ಪ್ರಿಂಗು ಒಂದು ಉಕ್ಕಿನ ಗೋಲಿಯನ್ನು ರಂಧ್ರದ ಬಾಯಿಗೆ ಒತ್ತಿ ಹಿಡಿದಿರುತ್ತದೆ. ನಾವು ಹೊಂದಿಸಿದ ಒತ್ತಡ ಬರುವವರೆಗೂ ಗೋಲಿ ಅಲುಗುವುದಿಲ್ಲ, ಆ್ಯಕ್ಚುಯೇಟರಿಗೆ ಏನೂ ತಲುಪುವುದಿಲ್ಲ, ಬಾಗಿಲು ಪೂರ್ತಿ ಮುಚ್ಚಿಯೇ ಇರುತ್ತದೆ. ಆ ಮಟ್ಟ ದಾಟಿದೊಡನೆ ಗೋಲಿ ಹಿಂದೆ ಸರಿದು ಒತ್ತಡ ಒಮ್ಮೆಲೇ ನುಗ್ಗುತ್ತದೆ. ಟರ್ಬೊ ಬೇಗ ಏಳಬೇಕೆನ್ನುವವರು ಬಾಲ್ ಟೈಪನ್ನೇ ಕೊಳ್ಳಬೇಕು. ಬ್ಲೀಡ್ ಟೈಪ್‌ನ ಪರವಾಗಿ ಹೇಳಬಹುದಾದದ್ದು ಅದರ ಅಗ್ಗದ ಬೆಲೆಯೊಂದೇ, ಬಾಲ್ ಟೈಪೂ ಈಗ ಹೆಚ್ಚುಕಡಿಮೆ ಅಷ್ಟೇ ಅಗ್ಗವಾಗಿರುವುದರಿಂದ ಆ ವಾದವೂ ನಿಲ್ಲುವುದಿಲ್ಲ.

ಹೆಸರಾಂತ ಕಂಪನಿಗಳ ಕಂಟ್ರೋಲರ್‌ಗಳು, ಉದಾಹರಣೆಗೆ ಆಸ್ಟ್ರೇಲಿಯಾದ ಟರ್ಬೋಸ್ಮಾರ್ಟ್‌ನ ಬೂಸ್ಟ್ ಟೀ, ಇಲ್ಲಿಗೆ ಬಂದು ಸೇರುವಾಗ ಸಾಗಣೆಯೂ ಸುಂಕವೂ ಸೇರಿ ಬೆಲೆ ಹಲವು ಸಾವಿರಕ್ಕೆ ಏರುತ್ತದೆ. ಹೆಸರಿಲ್ಲದ ಹಿತ್ತಾಳೆ ತುಂಡುಗಳು ಆನ್‌ಲೈನ್‌ನಲ್ಲಿ ಅದರ ಒಂದು ಸಣ್ಣ ಪಾಲಿಗೆ ಸಿಗುತ್ತವೆ. ನಾನು ಕೊಂಡದ್ದು ಹೆಸರಿಲ್ಲದ್ದನ್ನೇ. ಕೊಂಡ ತಕ್ಷಣ ಅದನ್ನು ಕಾರಿಗೆ ಹಾಕದೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಪೂರ್ತಿ ಬಿಚ್ಚಿ ನೋಡಿದೆ. ಕೊಳ್ಳುವ ಎಲ್ಲರೂ ಹೀಗೆ ಮಾಡಬೇಕೆಂದು ನನ್ನ ಒತ್ತಾಯ. ತಿರುಪು ಬಿಚ್ಚಿದಾಗ ಸಿಕ್ಕಿದ್ದು ಸೈಕಲ್ ಹಬ್ಬಿನಲ್ಲಿ ಇರುವಂಥ ಒಂದು ಉಕ್ಕಿನ ಗೋಲಿ, ಪೆನ್ನಿನ ಸ್ಪ್ರಿಂಗಿಗಿಂತ ತುಸು ದಪ್ಪನೆಯ ಒಂದು ಸ್ಪ್ರಿಂಗು, ಒಂದು ಲಾಕ್ ನಟ್ಟು. ಆ್ಯಕ್ಚುಯೇಟರ್ ಕಡೆಯ ಮೂತಿಯ ಬುಡದಲ್ಲಿ ಹೊಲಿಗೆ ಸೂಜಿಯ ತುದಿ ಕಷ್ಟಪಟ್ಟು ತೂರುವಷ್ಟು ಸಣ್ಣ ತೂತು ಇರಬೇಕಿತ್ತು. ಇತ್ತು ಕೂಡ, ಆದರೆ ಕೊರೆದಾಗ ಉಳಿದ ಹಿತ್ತಾಳೆಯ ಸಿಬರು ಅದರ ಬಾಯಿಗೆ ಅಡ್ಡವಾಗಿ ಕಚ್ಚಿಕೊಂಡಿತ್ತು.

ಈ ಸಣ್ಣ ತೂತನ್ನು ಬಹಳ ಮಂದಿ ತಯಾರಿಕೆಯ ದೋಷವೆಂದು ಭಾವಿಸಿ ಎಂ-ಸೀಲ್ ಹಾಕಿ ಮುಚ್ಚಿಬಿಡುತ್ತಾರೆ. ಅದು ಇರಲೇಬೇಕಾದ ತೂತು. ಆ್ಯಕ್ಸಿಲರೇಟರ್ ಬಿಟ್ಟಾಗ ಗೋಲಿ ಮತ್ತೆ ಬಾಯಿಗೆ ಕೂರುತ್ತದೆ. ಆಗ ಗೋಲಿಗೂ ಆ್ಯಕ್ಚುಯೇಟರಿಗೂ ನಡುವಿನ ಪೈಪಿನಲ್ಲಿ ಸಿಕ್ಕಿಬಿದ್ದ ಒತ್ತಡಕ್ಕೆ ಹೊರಹೋಗುವ ದಾರಿ ಅದೊಂದೇ. ಅದು ಮುಚ್ಚಿದ್ದರೆ ವೇಸ್ಟ್‌ಗೇಟ್ ತೆರೆದೇ ಉಳಿಯುತ್ತದೆ, ಮುಂದಿನ ಗೇರಿನಲ್ಲಿ ಕಾರು ಎಳೆಯುವುದಿಲ್ಲ, ಆಗ ಮಾಲೀಕರು ಟರ್ಬೊವೇ ಹಾಳಾಯಿತೆಂದು ಗಾಬರಿಯಾಗುತ್ತಾರೆ. ಸಿಬರನ್ನು ಸೂಜಿಯಿಂದ ತೆಗೆದು, ಪೆಟ್ರೋಲಿನಲ್ಲಿ ತೊಳೆದು, ಗೋಲಿ ಕೂರುವ ಬಾಯಿಯನ್ನು ಟಾರ್ಚ್ ಬಿಟ್ಟು ನೋಡಿದೆ. ಅಲ್ಲಿ ಗೀರು ಇರಲಿಲ್ಲ. ಗೀರು ಇದ್ದಿದ್ದರೆ ಹಿಂದಿರುಗಿಸುತ್ತಿದ್ದೆ, ಏಕೆಂದರೆ ಗೋಲಿ ಸರಿಯಾಗಿ ಕೂರದಿದ್ದರೆ ಬಾಲ್ ಟೈಪ್‌ನ ಲಾಭವೇ ಇಲ್ಲ. ಅಗ್ಗದ ವಸ್ತುವಿನ ಬಗ್ಗೆ ನನ್ನ ತಕರಾರು ಇಷ್ಟೇ: ವಿನ್ಯಾಸ ಸರಿಯಿದೆ, ಕೊನೆಯ ಹಂತದ ಶುಚಿಯ ಕೆಲಸವನ್ನು ಕೊಂಡವರಿಗೇ ಬಿಟ್ಟಿದ್ದಾರೆ.

ಇನ್ನು ಕಾರಿನ ವಿಷಯ. 1,781 ಸಿಸಿಯ ಈ 1.8 ಟಿ ಎಂಜಿನ್ನಿಗೆ ಸಿಲಿಂಡರಿಗೆ ಐದರಂತೆ 20 ವಾಲ್ವುಗಳು, ಕೆ03 ಎಂಬ ಚಿಕ್ಕ ಟರ್ಬೊ, ಕಂಪನಿಯ ಲೆಕ್ಕದಲ್ಲಿ 150 ಅಶ್ವಶಕ್ತಿ. ಇದರಲ್ಲಿ ಬೂಸ್ಟನ್ನು ನಿಯಂತ್ರಿಸುವುದು ಬರೀ ಸ್ಪ್ರಿಂಗಲ್ಲ. ಎನ್75 ಎಂಬ ವಿದ್ಯುತ್ ವಾಲ್ವಿನ ಮೂಲಕ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಆ್ಯಕ್ಚುಯೇಟರಿಗೆ ಹೋಗುವ ಒತ್ತಡವನ್ನು ಹಿಡಿಯುತ್ತದೆ, ಬಿಡುತ್ತದೆ. ನನ್ನ ಕಾರಿಗೆ ಹಿಂದಿನ ಮಾಲೀಕರೇ ರೀಮ್ಯಾಪ್ ಮಾಡಿಸಿದ್ದರು. ಎನ್75 ಹಳತಾಗಿ ಬೂಸ್ಟ್ ಏರಿಳಿಯುತ್ತಿತ್ತು: ಮೂರನೇ ಗೇರಿನಲ್ಲಿ ಕಾಲು ಒತ್ತಿ ಹಿಡಿದರೂ ಕಾರು ಎಳೆದು, ಬಿಟ್ಟು, ಮತ್ತೆ ಎಳೆಯುತ್ತಿತ್ತು. ಈ ಸ್ಥಿತಿಯಲ್ಲಿ ಸರಿಯಾದ ಔಷಧ ಹೊಸ ಎನ್75 ವಾಲ್ವೇ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಬೂಸ್ಟ್ ಕಂಟ್ರೋಲರನ್ನು ಆರಿಸಿದ್ದು ಬೆಲೆಯ ಕಾರಣಕ್ಕೂ, ಬಾಲ್ ಟೈಪ್ ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ನೋಡೋಣ ಎಂಬ ಕುತೂಹಲಕ್ಕೂ.

ಕಂಟ್ರೋಲರ್ ಕೊಳ್ಳುವ ಮೊದಲು ಸೋರಿಕೆಗಳನ್ನು ಹುಡುಕಬೇಕು. ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಪೈಪುಗಳ ಕ್ಲಿಪ್ಪು ಸಡಿಲವಾಗಿದ್ದರೆ, ಕಾಲು ಬಿಟ್ಟಾಗ ಹೆಚ್ಚುವರಿ ಒತ್ತಡವನ್ನು ಹಿಂದಕ್ಕೆ ಬಿಡುವ ಡೈವರ್ಟರ್ ವಾಲ್ವಿನ ರಬ್ಬರ್ ಪೊರೆ ಹರಿದಿದ್ದರೆ (1.8 ಟಿ ಎಂಜಿನ್ನಿನ ಹಳೆಯ ಕಾಯಿಲೆಯಿದು), ಟರ್ಬೊ ತುಂಬಿದ ಗಾಳಿ ದಾರಿಯಲ್ಲೇ ಹೊರಹೋಗುತ್ತದೆ. ಅದರ ಮೇಲೆ ಕಂಟ್ರೋಲರ್ ಹಾಕಿ ಬೂಸ್ಟ್ ಏರಿಸಿದರೆ, ಸೋರಿಹೋಗುವುದಕ್ಕಾಗಿ ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿದಂತಾಗುತ್ತದೆ ಅಷ್ಟೇ. ನನ್ನ ಕಾರಿನಲ್ಲಿ ಡೈವರ್ಟರ್ ವಾಲ್ವು ಬದಲಾಯಿಸಬೇಕಾಗಿತ್ತು, ಸ್ಪಾರ್ಕ್ ಪ್ಲಗ್ಗಿನ ಗ್ಯಾಪನ್ನು 0.7 ಮಿಲಿಮೀಟರಿಗೆ ಇಳಿಸಿದೆ. ಒತ್ತಡ ಹೆಚ್ಚಾದಂತೆ ಕಿಡಿ ಹಾರುವುದು ಕಷ್ಟವಾಗುವುದರಿಂದ ಗ್ಯಾಪ್ ಕಡಿಮೆಯಿದ್ದರೆ ಮಿಸ್‌ಫೈರ್ ತಪ್ಪುತ್ತದೆ.

ಫಿಟ್ಟಿಂಗ್ ಮಾಡಿಸಿದ್ದು ಮಡಿಕೇರಿಯ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಹುಡುಗರ ಕೈಚಳಕದ ಬಗ್ಗೆ ದೂರಿಲ್ಲ. ಆದರೆ ಸಣ್ಣ ಪೈಪಿಗೆಂದು ಅವರು ಮೊದಲು ಎತ್ತಿಕೊಂಡದ್ದು ಅಕ್ವೇರಿಯಂಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು. ಟರ್ಬೊದ ಪಕ್ಕದ ಕಾವಿಗೆ ಅದು ಮೆತ್ತಗಾಗಿ ಮೂತಿಯಿಂದ ಜಾರುತ್ತದೆ. ಈ ಪೈಪು ಕಳಚಿದರೆ ಬೂಸ್ಟ್ ಕಡಿಮೆಯಾಗುತ್ತದೆ ಎಂದುಕೊಳ್ಳುವವರಿದ್ದಾರೆ, ನಡೆಯುವುದು ತದ್ವಿರುದ್ಧ. ಆ್ಯಕ್ಚುಯೇಟರಿಗೆ ಸುದ್ದಿಯೇ ತಲುಪದೆ ವೇಸ್ಟ್‌ಗೇಟ್ ಮುಚ್ಚಿಯೇ ಇದ್ದು, ಬೂಸ್ಟ್ ಮಿತಿಯಿಲ್ಲದೆ ಏರುತ್ತದೆ. ನಾನೇ ತಂದಿದ್ದ 4 ಮಿಲಿಮೀಟರ್ ಒಳವ್ಯಾಸದ ಸಿಲಿಕೋನ್ ಪೈಪನ್ನು ಕೊಟ್ಟು, ಪ್ರತಿ ಮೂತಿಗೂ ಕ್ಲಿಪ್ಪು ಹಾಕಿಸಿದೆ. ಪೈಪು ಎಷ್ಟು ಗಿಡ್ಡವಾಗಿರುತ್ತದೋ ಅಷ್ಟು ಬೇಗ ಒತ್ತಡದ ಬದಲಾವಣೆ ತಲುಪುತ್ತದೆ. ಹಾಗೆಂದು ಕಂಟ್ರೋಲರನ್ನು ಟರ್ಬೊಗೆ ಒತ್ತಿ ಇಡುವಂತಿಲ್ಲ; ಬ್ಯಾಟರಿಯ ಕಡೆಯ ಬ್ರಾಕೆಟ್ಟಿಗೆ ಬಿಗಿದಿರುವುದು ಒಂದು ಒಳ್ಳೆಯ ರಾಜಿ. ಡ್ಯಾಶ್‌ಬೋರ್ಡಿನ ಒಳಗೆ ತಂದು ಕೂತಲ್ಲೇ ತಿರುಗಿಸುವಂತೆ ಮಾಡಿಕೊಡಲೇ ಎಂದು ಕೇಳಿದರು. ಓಡುತ್ತಿರುವಾಗ ಬೂಸ್ಟ್ ತಿರುಗಿಸುವ ಅವಕಾಶ ಚಾಲಕನ ಕೈಗೆ ಸಿಗಬಾರದು ಎಂಬುದು ನನ್ನ ಅಭಿಪ್ರಾಯ, ಚಾಲಕ ನಾನೇ ಆಗಿದ್ದರೂ ಸರಿ.

ದಿಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಾಲ್ ಟೈಪ್ ಕಂಟ್ರೋಲರಿಗೆ ಒಳಬಾಯಿ, ಹೊರಬಾಯಿ ಎಂಬ ಭೇದವಿದೆ. ಗೋಲಿ ಕೂತಿರುವ ಬಾಯಿಗೆ ಕಂಪ್ರೆಸರಿನ ಪೈಪು, ಸಣ್ಣ ತೂತು ಇರುವ ಕಡೆಗೆ ಆ್ಯಕ್ಚುಯೇಟರಿನ ಪೈಪು. ತಿರುವುಮುರುವು ಮಾಡಿದರೆ ಬೂಸ್ಟಿನ ಒತ್ತಡವೇ ಗೋಲಿಯನ್ನು ಬಾಯಿಗೆ ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ, ಪೈಪು ಕಳಚಿದಾಗ ಆಗುವ ಅನಾಹುತವೇ ಆಗುತ್ತದೆ. ಅಗ್ಗದ ತುಂಡುಗಳ ಮೇಲೆ ಬಾಣದ ಗುರುತು ಇರುವುದೇ ಇಲ್ಲ. ಬಾಯಿಂದ ಊದಿ ನೋಡಿದರೆ ಗೊತ್ತಾಗುತ್ತದೆ.

ಎನ್75 ವಾಲ್ವಿಗೆ ಸಂಬಂಧಿಸಿದ ಎರಡು ಕೆಲಸಗಳನ್ನು ಗ್ಯಾರೇಜಿನವರು ಬಿಟ್ಟುಬಿಡುತ್ತಿದ್ದರು. ಅದರ ಪೈಪುಗಳನ್ನು ತೆಗೆದಾಗ ಟರ್ಬೊದ ಮುಂದಿನ ಇನ್‌ಟೇಕ್ ಪೈಪಿನಲ್ಲಿ ಒಂದು ಮೂತಿ ತೆರೆದೇ ಉಳಿಯುತ್ತದೆ. ಅದು ಗಾಳಿಯನ್ನು ಅಳೆಯುವ ಸೆನ್ಸರಿನ ನಂತರ ಇರುವುದರಿಂದ, ಮುಚ್ಚದಿದ್ದರೆ ಅಳತೆಗೆ ಸಿಗದ ಗಾಳಿ ಒಳಬಂದು ಮಿಶ್ರಣ ತೆಳುವಾಗುತ್ತದೆ. ಎರಡನೆಯದಾಗಿ, ವಾಲ್ವಿನ ವಿದ್ಯುತ್ ಕನೆಕ್ಟರನ್ನು ಕಳಚಬಾರದು. ಪೈಪುಗಳಿಲ್ಲದೆ ಸುಮ್ಮನೆ ಕೂತಿದ್ದರೂ ಅದರ ಕಾಯಿಲ್ ಇಸಿಯುಗೆ ಕಾಣಿಸುತ್ತಿರಬೇಕು, ಇಲ್ಲದಿದ್ದರೆ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಎರಡನ್ನೂ ಹೇಳಿ ಮಾಡಿಸಿದೆ, ಅವರೂ ಬೇಸರಿಸದೆ ಮಾಡಿಕೊಟ್ಟರು. ಕೂಲಿಯೂ ನ್ಯಾಯವಾಗಿಯೇ ಇತ್ತು.

ಒತ್ತಡವನ್ನು ತೋರಿಸುವ ಬೂಸ್ಟ್ ಗೇಜಿಲ್ಲದೆ ಈ ಸಾಧನವನ್ನು ಹಾಕಿಸಬಾರದು. ಇದು ಸಲಹೆಯಲ್ಲ, ಷರತ್ತು. ಗೇಜಿನ ಪೈಪನ್ನು ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲಾದ ಥ್ರಾಟಲ್ಲಿನ ಆಚೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಿಂದ ತೆಗೆದುಕೊಳ್ಳಬೇಕು. ನನ್ನ ಕಾರಿನಲ್ಲಿ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರಿಗೆ ಹೋಗುವ ಪೈಪಿಗೆ ಟಿ ಜಾಯಿಂಟ್ ಹಾಕಿ ತೆಗೆದಿದೆ. ಕಂಟ್ರೋಲರಿನ ಪೈಪಿಗೆ ಮಾತ್ರ ಬೇರೇನನ್ನೂ ಜೋಡಿಸಬಾರದು. ಗೇಜ್ ಹಾಕಿಸಿದ ಮೇಲೆ ಮಡಿಕೇರಿಯವರಿಗೆ ಒಂದು ಗೊಂದಲ ಕಾಡುತ್ತದೆ. ಐಡಲ್‌ನಲ್ಲಿ (ಕಾಲು ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ನಿರ್ವಾತ ಮೈನಸ್ 0.7 ಬಾರ್ ತೋರಿಸಬೇಕು ಎಂದು ಎಲ್ಲೋ ಓದಿರುತ್ತಾರೆ, ಇಲ್ಲಿ ಮುಳ್ಳು ಮೈನಸ್ 0.55ರ ಹತ್ತಿರವೇ ನಿಲ್ಲುತ್ತದೆ. ಎಂಜಿನ್ನಿನಲ್ಲಿ ಸೋರಿಕೆಯಿದೆ ಎಂದು ಮೆಕ್ಯಾನಿಕ್ಕುಗಳು ಹುಡುಕಾಟಕ್ಕೆ ತೊಡಗುತ್ತಾರೆ. ಸೋರಿಕೆಯೇನೂ ಇರುವುದಿಲ್ಲ. ಗೇಜು ಅಳೆಯುವುದು ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಇರುವ ವ್ಯತ್ಯಾಸವನ್ನು. ಮಡಿಕೇರಿಯಲ್ಲಿ ಹೊರಗಿನ ಗಾಳಿಯೇ ಕಡಿಮೆ.

ಇಡೀ ವಿಮರ್ಶೆಯ ಮುಖ್ಯ ವಿಷಯವೇ ಇದು. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. 1,150 ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಅದು 88ರ ಆಸುಪಾಸು. ಆ್ಯಕ್ಚುಯೇಟರ್ ಡಬ್ಬಿಯ ಪೊರೆಯ ಒಂದು ಬದಿಗೆ ಬೂಸ್ಟ್ ಇದ್ದರೆ ಇನ್ನೊಂದು ಬದಿ ಹೊರಗಿನ ಗಾಳಿಗೆ ತೆರೆದಿರುತ್ತದೆ, ಕಂಟ್ರೋಲರಿನ ಗೋಲಿಯ ಹಿಂಬದಿಯೂ ಹಾಗೆಯೇ. ಆದ್ದರಿಂದ ಇವೆರಡೂ ಕಾಯುವುದು ಹೊರಗಿನ ಗಾಳಿಗಿಂತ ಇಷ್ಟು ಹೆಚ್ಚು ಎಂಬ ವ್ಯತ್ಯಾಸವನ್ನು ಮಾತ್ರ. 0.8 ಬಾರ್, ಎಂದರೆ 80 ಕಿಲೋಪ್ಯಾಸ್ಕಲ್‌ಗೆ ಹೊಂದಿಸಿದರೆ ಗೇಜಿನ ಮುಳ್ಳು ಎರಡೂ ಊರುಗಳಲ್ಲಿ 0.8 ಎಂದೇ ಹೇಳುತ್ತದೆ. ಎಂಜಿನ್ನಿಗೆ ನಿಜವಾಗಿ ಸಿಗುವುದು ಮಡಿಕೇರಿಯಲ್ಲಿ 168, ಮಂಗಳೂರಿನಲ್ಲಿ 181. ಸಂಪಾಜೆ ಘಟ್ಟ ಇಳಿದ ಮಾತ್ರಕ್ಕೆ, ಯಾರೂ ತಿರುಪನ್ನು ಮುಟ್ಟದೆ, ಒತ್ತಡ ನೂರಕ್ಕೆ ಏಳೆಂಟರಷ್ಟು ಏರಿರುತ್ತದೆ. ಅದೂ ಕರಾವಳಿಯ ಸೆಖೆಯಲ್ಲಿ, ಈ ಕಾರಿನ ಚಿಕ್ಕ ಇಂಟರ್‌ಕೂಲರ್ ಬೆವರುತ್ತಿರುವಾಗ. ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ಹತೋಟಿ ತಪ್ಪಿ ತಾನಾಗಿ ಸಿಡಿಯುವುದು) ಆರಂಭವಾಗಲು ಬೇಕಾದ ಎರಡು ಕಾರಣಗಳೂ ಒಟ್ಟಿಗೇ ಬಂದು ಸೇರುತ್ತವೆ.

ಗ್ಯಾರೇಜಿನ ಮುಖ್ಯ ಮೆಕ್ಯಾನಿಕ್ ಮಡಿಕೇರಿಯಲ್ಲೇ ಹೊಂದಿಸಿ ಕಳಿಸುವ ಉತ್ಸಾಹದಲ್ಲಿದ್ದರು. "0.9 ಇಟ್ಟುಬಿಡುವ ಸಾರ್, ಘಟ್ಟ ಹತ್ತುವಾಗ ಮಜಾ ಬರ್ತದೆ, ಏನೂ ಆಗುದಿಲ್ಲ" ಎಂದರು. ಮಡಿಕೇರಿಯಲ್ಲಿ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಸ್ಕ್ಯಾನರಿನಲ್ಲಿ ನೋಡಿದಾಗ, ರೀಮ್ಯಾಪ್ ಆದ ನನ್ನ ಇಸಿಯು ಕೇಳುವ ಗರಿಷ್ಠ ಒತ್ತಡ ಸುಮಾರು 1,850 ಮಿಲಿಬಾರ್, ಅಂದರೆ 185 ಕಿಲೋಪ್ಯಾಸ್ಕಲ್. ಇಸಿಯು ಲೆಕ್ಕ ಹಾಕುವುದು ಗೇಜಿನಂತೆ ವ್ಯತ್ಯಾಸವನ್ನಲ್ಲ, ಒಟ್ಟು ಒತ್ತಡವನ್ನು. 0.9ಕ್ಕೆ ಹೊಂದಿಸಿ ಮಂಗಳೂರಿಗೆ ಇಳಿದರೆ 191 ಆಗುತ್ತದೆ. ಕೇಳಿದ್ದಕ್ಕಿಂತ ಹೆಚ್ಚು ಒತ್ತಡ ಸ್ವಲ್ಪ ಹೊತ್ತು ನಿಂತರೆ ಈ ಕಾರಿನ ಇಸಿಯು ಪಿ1555 ಎಂಬ ಕೋಡ್ ದಾಖಲಿಸಿ, ಥ್ರಾಟಲನ್ನು ಮುಚ್ಚಿ, ಕಾರನ್ನು ಲಿಂಪ್ ಮೋಡಿಗೆ, ಅಂದರೆ ಶಕ್ತಿ ಕುಗ್ಗಿಸಿ ಕುಂಟಿಸುವ ಸ್ಥಿತಿಗೆ, ತಳ್ಳುತ್ತದೆ. ಓವರ್‌ಟೇಕ್ ಮಾಡುವಾಗಲೇ ಇದು ಆಗುವ ಸಂಭವ ಹೆಚ್ಚು, ಏಕೆಂದರೆ ಕಾಲು ಪೂರ್ತಿ ಒತ್ತುವುದು ಆಗಲೇ.

ಆದ್ದರಿಂದ ಕೊಡಗಿನವರು ತಮ್ಮ ಕಾರು ಹೋಗುವ ಅತ್ಯಂತ ತಗ್ಗಿನ ಊರಿಗೆ ತಕ್ಕಂತೆ ಹೊಂದಿಸಬೇಕು. ನಾನು ಅಂತಿಮವಾಗಿ ನಿಲ್ಲಿಸಿದ್ದು ಸುಳ್ಯ, ಪುತ್ತೂರು ಕಡೆಯ ಲೆಕ್ಕದಲ್ಲಿ 0.75 ಬಾರ್‌ಗೆ. ಇದರ ಬೆಲೆಯನ್ನು ತೆರುವುದು ಮಡಿಕೇರಿಯಲ್ಲಿ: ಅಲ್ಲಿ ಎಂಜಿನ್ನಿಗೆ ಸಿಗುವುದು 163 ಮಾತ್ರ. ಆರೋಗ್ಯವಾಗಿರುವ ಎನ್75 ವಾಲ್ವಿದ್ದರೆ ಇಸಿಯು ಎತ್ತರವನ್ನು ಗಮನಿಸಿ, ಟರ್ಬೊದ ಸಾಮರ್ಥ್ಯದ ಮಿತಿಯೊಳಗೆ, ಗೇಜಿನ ಬೂಸ್ಟನ್ನು ತಾನೇ ಏರಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತಿತ್ತು. ಬುದ್ಧಿಯಿಲ್ಲದ ಗೋಲಿಗೆ ಅದು ಗೊತ್ತಾಗುವುದಿಲ್ಲ. ಬೂಸ್ಟ್ ಹೆಚ್ಚು ಬೇಕಾದ ಬೆಟ್ಟದ ಏರಿನಲ್ಲೇ ಕಡಿಮೆ ಕೊಡುವ ಸಾಧನವಿದು. ಮೇಲೆ ಬಂದಾಗ ಅರ್ಧ ಸುತ್ತು ಬಿಗಿ ಮಾಡಿ, ಇಳಿಯುವಾಗ ಸಡಿಲಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಸರಿ. ಜುಲೈ ತಿಂಗಳ ಮಳೆಯಲ್ಲಿ ಸಂಪಾಜೆಯಲ್ಲಿ ಬಾನೆಟ್ ಎತ್ತಿ ನಿಲ್ಲಲು ಯಾರೂ ಇಷ್ಟಪಡುವುದಿಲ್ಲ, ಮರೆತು ಇಳಿದ ದಿನ ಎಂಜಿನ್ನು ಅದರ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಎತ್ತರದಲ್ಲಿ ಏರಿಸುವುದಕ್ಕೆ ಇನ್ನೊಂದು ಅಡ್ಡಿಯೂ ಇದೆ. ಅದೇ 0.8 ಬಾರ್ ಕೊಡಲು ಟರ್ಬೊ ಮಂಗಳೂರಿನಲ್ಲಿ ಹೊರಗಿನ ಗಾಳಿಯನ್ನು 1.8 ಪಟ್ಟು ಒತ್ತಿದರೆ ಸಾಕು, ಮಡಿಕೇರಿಯಲ್ಲಿ 1.9 ಪಟ್ಟು ಒತ್ತಬೇಕು. ಕೆ03ಯಂಥ ಚಿಕ್ಕ ಟರ್ಬೊಗೆ ಇದು ಹೆಚ್ಚು ವೇಗ, ಹೆಚ್ಚು ಕಾವು.

ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಹೊಂದಿಸಿದರೆ ಈ ತೊಂದರೆಯಿಲ್ಲ ಎಂದೂ ಹೇಳುವಂತಿಲ್ಲ. ಡೈನೊಗೆಂದು ಬೆಂಗಳೂರಿಗೆ ಹೋದರೂ ಆ ಊರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿಯ ಗಾಳಿಯ ಒತ್ತಡವೂ 91ರ ಹತ್ತಿರ. ಅಲ್ಲಿ ಚೆನ್ನಾಗಿ ಓಡಿದ ಸೆಟ್ಟಿಂಗ್ ಉಳ್ಳಾಲದಲ್ಲಿ 10 ಕಿಲೋಪ್ಯಾಸ್ಕಲ್ ಹೆಚ್ಚೇ ತೋರಿಸುತ್ತದೆ. ಆದರೂ ಡೈನೊ ಒಳ್ಳೆಯದು, ಏಕೆಂದರೆ ಸಾರ್ವಜನಿಕ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಕಾಲು ಒತ್ತಿ ಪರೀಕ್ಷಿಸುವ ಅಪಾಯ ತಪ್ಪುತ್ತದೆ. ಅಲ್ಲಿ ಬಂದ ಅಂಕಿಯಿಂದ ಈ ವ್ಯತ್ಯಾಸವನ್ನು ಕಳೆದರಾಯಿತು.

ಹೊಂದಿಸುವ ಕ್ರಮ ಸರಳ. ತಿರುಪನ್ನು ಪೂರ್ತಿ ಸಡಿಲಿಸಿ, ಬರೀ ಆ್ಯಕ್ಚುಯೇಟರ್ ಸ್ಪ್ರಿಂಗಿನ ಬೂಸ್ಟ್ ಎಷ್ಟೆಂದು ಮೊದಲು ನೋಡಬೇಕು. ನನ್ನ ಕಾರಿನಲ್ಲಿ ಅದು 0.35 ಬಾರ್ ಬಂದಿತು. ಆಮೇಲೆ ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ, ಪ್ರತಿ ಸಲವೂ ಲಾಕ್ ನಟ್ಟು ಬಿಗಿದು, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಬೇಕು. ಮುಳ್ಳು ನಿಂತ ಜಾಗವನ್ನಲ್ಲ, ಅದಕ್ಕೂ ಮೊದಲು ಅದು ಚಿಮ್ಮಿ ಮುಟ್ಟಿದ ಗರಿಷ್ಠ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಬಾಲ್ ಟೈಪ್‌ನಲ್ಲಿ ಒತ್ತಡ ಒಮ್ಮೆ ಮೇಲಕ್ಕೆ ಚಿಮ್ಮಿ ನಂತರ ಇಳಿದು ನಿಲ್ಲುವುದು ಸಾಮಾನ್ಯ. ಸ್ಕ್ಯಾನರ್ ಇರುವವರಿಗೆ ಈ ಎಂಜಿನ್ನಿನ ಅಂಕಿಗಳ 115ನೇ ಬ್ಲಾಕಿನಲ್ಲಿ (ಸ್ಕ್ಯಾನರ್ ತೋರಿಸುವ ಗುಂಪು) ಇಸಿಯು ಕೇಳಿದ ಒತ್ತಡವೂ ನಿಜವಾಗಿ ಬಂದ ಒತ್ತಡವೂ ಅಕ್ಕಪಕ್ಕದಲ್ಲಿ ಕಾಣುತ್ತವೆ. 20ನೇ ಬ್ಲಾಕಿನಲ್ಲಿ ನಾಕಿಂಗ್ ತಪ್ಪಿಸಲು ಪ್ರತಿ ಸಿಲಿಂಡರಿನ ಇಗ್ನಿಷನ್ ಎಷ್ಟು ಹಿಂದೆ ಸರಿದಿದೆ (ಕಿಡಿ ಎಷ್ಟು ತಡವಾಗಿ ಹಾರುತ್ತಿದೆ) ಎಂಬುದು ಸಿಗುತ್ತದೆ. ಗೇಜು ಹೇಳದ ಸತ್ಯ ಅಲ್ಲಿರುತ್ತದೆ: ಬೂಸ್ಟ್ ಏರಿಸಿದಷ್ಟೂ ಇಗ್ನಿಷನ್ ಹಿಂದೆ ಸರಿಯುತ್ತಿದ್ದರೆ, ಏರಿಸಿದ್ದರಿಂದ ಸಿಕ್ಕಿದ್ದು ಕಾವು ಮಾತ್ರ. ನನ್ನ ಕಾರಿನಲ್ಲಿ 91 ಆಕ್ಟೇನಿನ (ನಾಕಿಂಗ್ ತಡೆಯುವ ಗುಣದ ಅಂಕಿ) ಸಾದಾ ಪೆಟ್ರೋಲಿಗೆ 0.7 ದಾಟಿದೊಡನೆ ಇದು ಕಾಣಿಸಿತು. 95 ಆಕ್ಟೇನ್ ಹಾಕಿದಾಗ 0.75ರಲ್ಲಿಯೂ ಅಂಕಿಗಳು ಸಮಾಧಾನಕರವಾಗಿದ್ದವು. ಎಥೆನಾಲ್ ಬೆರೆತಂತೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುವುದರಿಂದ, ಇಪ್ಪತ್ತು ವರ್ಷ ಹಳೆಯ ಇಂಜೆಕ್ಟರುಗಳಿಗೂ ಪಂಪಿಗೂ ಇರುವ ಬಿಡುವು ಈಗ ಮೊದಲಿಗಿಂತ ಕಡಿಮೆ ಎಂಬುದನ್ನೂ ನೆನಪಿಡಬೇಕು.

ಇಷ್ಟಾದ ಮೇಲೆ ಕಾರು ಹೇಗೆ ಓಡುತ್ತದೆ? ಏರಿಳಿತ ಪೂರ್ತಿ ಹೋಗಿದೆ, ಅದು ಈ ಸಾಧನದ ನಿಜವಾದ ಸಾಧನೆ. ಕುಶಾಲನಗರ ಬಿಟ್ಟು ಆನೆಕಾಡು ದಾಟಿ ಸುಂಟಿಕೊಪ್ಪದ ಏರು ಶುರುವಾಗುವಲ್ಲಿ ಮೂರನೇ ಗೇರಿನಲ್ಲೇ ಕಾರು ಹಗ್ಗ ಹಿಡಿದು ಎಳೆದ ಹಾಗೆ ಒಂದೇ ಸಮನೆ ಮೇಲೇರುತ್ತದೆ. ಮೊದಲಿಗಿಂತ ಕಡಿಮೆ ಆರ್‌ಪಿಎಂನಲ್ಲೇ ಬೂಸ್ಟ್ ಪೂರ್ತಿ ಬರುತ್ತದೆ. ಕೊಯನಾಡಿನಿಂದ ಜೋಡುಪಾಲ, ಮದೆನಾಡು ಹಾದು ಮಡಿಕೇರಿಗೆ ಹತ್ತುವ ಉದ್ದನೆಯ ಏರಿನಲ್ಲಿಯೂ ಮುಳ್ಳು ಅಲುಗಾಡದೆ ನಿಲ್ಲುತ್ತದೆ, ಮೇಲಿನ ತಿರುವುಗಳಿಗೆ ಬರುವಷ್ಟರಲ್ಲಿ ಉಸಿರು ಸ್ವಲ್ಪ ಕಡಿಮೆಯಾಗುವುದು ಅನುಭವಕ್ಕೆ ಬರುತ್ತದೆಯಾದರೂ. 5,500 ಆರ್‌ಪಿಎಂ ಮೇಲೆ ಹೆಚ್ಚೇನೂ ನಿರೀಕ್ಷಿಸಬಾರದು. ಅಲ್ಲಿ ಕೆ03 ಟರ್ಬೊವೇ ಸೋಲುತ್ತದೆ, ಕಂಟ್ರೋಲರ್ ಅದಕ್ಕೆ ಹೊಣೆಯಲ್ಲ.

ಅರ್ಧ ಕಾಲಿನ ಚಾಲನೆಯಲ್ಲಿ ಮಾತ್ರ ಹಳೆಯ ನಯ ಹೋಯಿತು. ಎನ್75 ಇದ್ದಾಗ ಸ್ವಲ್ಪವೇ ಕಾಲು ಒತ್ತಿದರೆ ಇಸಿಯು ಸ್ವಲ್ಪವೇ ಬೂಸ್ಟ್ ಕೊಡುತ್ತಿತ್ತು. ಗೋಲಿಗೆ ಕಾಲಿನ ಲೆಕ್ಕ ಗೊತ್ತಿಲ್ಲ; ಎಷ್ಟೇ ಒತ್ತಿದರೂ ಅದು ತನ್ನ ಮಟ್ಟದವರೆಗೆ ಬೂಸ್ಟನ್ನು ಏರಲು ಬಿಡುತ್ತದೆ, ಹೆಚ್ಚಾಯಿತೆಂದು ಇಸಿಯು ಥ್ರಾಟಲನ್ನು ಮುಚ್ಚಿ ಸರಿಪಡಿಸಲು ಹೋಗುತ್ತದೆ, ಆ ಜಗ್ಗಾಟ ಕಾಲಿಗೆ ತಿಳಿಯುತ್ತದೆ. ಒಣ ರಸ್ತೆಯಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಮಳೆಗಾಲದಲ್ಲಿ ಎಲೆ, ಕೆಸರು ಬಿದ್ದ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರಗಳು ತಟ್ಟನೆ ಜಾರುವಾಗ ಇದು ಇಷ್ಟವಾಗುವ ಗುಣವಲ್ಲ. ಮನೆಯವರು ಅದೇ ಕಾರನ್ನು ಓಡಿಸುವುದಾದರೆ ಈ ಒಂದು ಕಾರಣಕ್ಕೇ ಬೇಡವೆನ್ನಬಹುದು.

ಯಾರು ಕೊಳ್ಳಬಹುದು ಎಂಬ ಪ್ರಶ್ನೆಗೆ ಉತ್ತರ ಕಾರನ್ನು ಅವಲಂಬಿಸಿದೆ. ವೇಸ್ಟ್‌ಗೇಟ್ ಬರೀ ಗಾಳಿ ಪೈಪಿನಿಂದ ನಡೆಯುವ ಹಳೆಯ ಪೆಟ್ರೋಲ್ ಕಾರು, ಅಥವಾ ಹೊರಗಿನಿಂದ ಟರ್ಬೊ ಜೋಡಿಸಿ ಅದಕ್ಕೆ ತಕ್ಕ ಇಂಧನದ ವ್ಯವಸ್ಥೆ ಮಾಡಿಸಿದ ಆಟೋಕ್ರಾಸ್ ಕಾರು ನಿಮ್ಮಲ್ಲಿದ್ದರೆ ಬಾಲ್ ಟೈಪ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನ್ನದರಂತೆ ಇಸಿಯು ಬೂಸ್ಟನ್ನು ನೋಡಿಕೊಳ್ಳುವ ಕಾರಾದರೆ, ರೀಮ್ಯಾಪ್ ಆಗಿರದಿದ್ದಲ್ಲಿ ಹಾಕಿಸುವುದೇ ಬೇಡ, ಆಗಿದ್ದರೂ ಮೊದಲು ಹೊಸ ಎನ್75 ಬೆಲೆ ವಿಚಾರಿಸಿ. ಈಗಿನ 1.0 ಟಿಎಸ್‌ಐ ಎಂಜಿನ್ನುಗಳಲ್ಲಿ ವೇಸ್ಟ್‌ಗೇಟನ್ನು ತೆರೆಯುವುದೇ ವಿದ್ಯುತ್ ಮೋಟಾರು. ಅಲ್ಲಿ ಇದನ್ನು ಜೋಡಿಸಲು ಪೈಪೇ ಇಲ್ಲ. ಡೀಸೆಲ್ ಕಾರಿನವರೂ ಕೇಳುತ್ತಾರೆ. ಡೀಸೆಲ್‌ನಲ್ಲಿ ಶಕ್ತಿಯನ್ನು ನಿರ್ಧರಿಸುವುದು ಇಂಧನ. ಇಂಧನ ಹೆಚ್ಚಿಸದೆ ಗಾಳಿ ಮಾತ್ರ ಹೆಚ್ಚಿಸಿದರೆ ಹೊಗೆ ತುಸು ಕಡಿಮೆಯಾದೀತು, ಎಳೆತ ಹೆಚ್ಚುವುದಿಲ್ಲ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ನಿನಲ್ಲಿ ಬದಲಾವಣೆ ಮಾಡಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರಬಹುದು. ವಾರಂಟಿ ಇರುವ ಕಾರಿಗೆ ಹಾಕಿಸುವ ಯೋಚನೆಯನ್ನಂತೂ ಮಾಡಲೇಬಾರದು.

ಹಾಕಿಸಿದವರು ಮುಂಗಾರಿಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಕಂಟ್ರೋಲರನ್ನು ಬಿಚ್ಚಿ ನೋಡಬೇಕು. ಹಿತ್ತಾಳೆ ಹಸಿರಾಗುವುದರಿಂದ ನಷ್ಟವಿಲ್ಲ, ಒಳಗಿನ ಸ್ಪ್ರಿಂಗಿಗೂ ಗೋಲಿಗೂ ತುಕ್ಕು ಹಿಡಿದರೆ ಬೂಸ್ಟಿನ ಮಟ್ಟ ಬದಲಾಗುತ್ತದೆ. ಆ ಸಣ್ಣ ತೂತಿನಲ್ಲಿ ಕೊಳೆ ಕೂತಿದೆಯೇ ಎಂದು ಸೂಜಿ ಹಾಕಿ ನೋಡಬೇಕು. ನನ್ನದರಲ್ಲಿ ಆಗಸ್ಟ್ ಹೊತ್ತಿಗೆ ಲಾಕ್ ನಟ್ಟು ಕಂಪನಕ್ಕೆ ಸಡಿಲಾಗಿ ಬೂಸ್ಟ್ ತುಸು ಇಳಿದಿತ್ತು. ಈಗ ಅದರ ಮೇಲೆ ಇನ್ನೊಂದು ತೆಳು ನಟ್ಟು ಹಾಕಿ ಬಿಗಿದು, ತಿರುಪಿನ ತಲೆಯಿಂದ ಹಿತ್ತಾಳೆಯ ಮೈವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿದ್ದೇನೆ. ಬಾನೆಟ್ ಎತ್ತಿದಾಗ ಗೆರೆ ಒಡೆದಿದ್ದರೆ ತಿರುಪು ಅಲುಗಿದೆ ಎಂದು ತಿಳಿಯುತ್ತದೆ. ಎನ್75ಗೆ ಹೋಗುತ್ತಿದ್ದ ಹಳೆಯ ಪೈಪುಗಳನ್ನು ಎಸೆಯದೆ ಡಿಕ್ಕಿಯಲ್ಲಿಟ್ಟಿದ್ದೇನೆ. ಹೊಸ ವಾಲ್ವಿಗೆ ದುಡ್ಡು ಕೂಡಿದ ಮೇಲೆ ಅವು ಮತ್ತೆ ಬೇಕಾಗುತ್ತವೆ.